ಲಿನಕ್ಸ್ ಬಳಕೆದಾರರ ನೆರವಿಗೆ ಐಆರ್‌ಸಿ ಇದೆ

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡ ಮೇಲೆ, ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕದೆ ಅದರಲ್ಲಿ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಅಳವಡಿಸಿಕೊಳ್ಳಿ ಎಂಬ ಸಲಹೆ ನಿಮ್ಮ ಪತ್ರಿಕೆಯೂ ಸೇರಿದಂತೆ ಹಲವೆಡೆ ಬರುತ್ತಿದೆ. ಸಲಹೆ ಸರಿಯಾದದ್ದೇ. ಆದರೆ ಅಳವಡಿಸಿಕೊಂಡ ಮರುದಿನ ವೈಫೈ ಸಿಗದಿದ್ದರೆ ಅಥವಾ ಪ್ರಿಂಟರ್ ಕೈಕೊಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಸಿಕ್ಕರೂ ಅದು ‘ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಕೊಳ್ಳಿ’ ಎನ್ನುವಲ್ಲಿಗೆ ನಿಲ್ಲುತ್ತದೆ. ಲಿನಕ್ಸ್‌ನ ತಂತ್ರಾಂಶಗಳನ್ನು ಬರೆಯುವವರೂ ಬಳಸಿ ಪಳಗಿದವರೂ ದಶಕಗಳಿಂದ ಒಂದೆಡೆ ಕೂಡಿ ಮಾತಾಡುತ್ತ ಬಂದಿರುವ, ಬರಹದಲ್ಲೇ ಹರಟುವ ವ್ಯವಸ್ಥೆಯಾದ ಇಂಟರ್ನೆಟ್ ರಿಲೇ ಚಾಟ್, ಅಂದರೆ ಐಆರ್‌ಸಿ, ನಮ್ಮ ಹೊಸ ಬಳಕೆದಾರರಿಗೆ ಗೊತ್ತೇ ಇಲ್ಲ. ಅದನ್ನು ಪರಿಚಯಿಸುವುದಕ್ಕಾಗಿ ಈ ಪತ್ರ.

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರೂಪಿಸಿದ ವ್ಯವಸ್ಥೆ ಇದು. ಇದಕ್ಕೆ ಒಬ್ಬ ಒಡೆಯನಿಲ್ಲ. ಬೇರೆ ಬೇರೆ ಸಮುದಾಯಗಳು ತಮ್ಮದೇ ಸರ್ವರುಗಳಲ್ಲಿ ಜಾಲಗಳನ್ನು ನಡೆಸುತ್ತವೆ. ಇದರ ಪ್ರಯೋಜನ ಏನೆಂಬುದು 2021ರ ಮೇ ತಿಂಗಳಲ್ಲಿ ಸ್ಪಷ್ಟವಾಯಿತು. ಆಗ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದವರ ಬಹುದೊಡ್ಡ ತಾಣವಾಗಿದ್ದ ಫ್ರೀನೋಡ್ ಜಾಲದ ಹಿಡಿತ ಯಾರ ಕೈಯಲ್ಲಿರಬೇಕೆಂಬ ಜಗಳ ಎದ್ದಾಗ, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಕೆಲವೇ ವಾರಗಳಲ್ಲಿ ಲಿನಕ್ಸ್‌ನ ಒಂದು ಆವೃತ್ತಿಯಾದ ಉಬುಂಟು, ವಿಕಿಪೀಡಿಯದ ಹಿಂದಿರುವ ವಿಕಿಮೀಡಿಯ ಮುಂತಾದ ಸಮುದಾಯಗಳು ಅತ್ತ ನಡೆದವು. ಕಂಪನಿಯೊಂದರ ಆ್ಯಪ್ ಮುಚ್ಚಿದರೆ ಹೀಗೆ ಎದ್ದು ಹೋಗಿ ಬೇರೆಡೆ ಅದೇ ಬಗೆಯಲ್ಲಿ ಕೂರುವುದು ಸುಲಭವಲ್ಲ.

ಆರಂಭಿಸುವುದು ಕಷ್ಟವೆಂಬ ಭಯ ಬೇಡ. ಹೆಕ್ಸ್‌ಚಾಟ್, ವೀಚಾಟ್‌ನಂತಹ ಐಆರ್‌ಸಿ ತಂತ್ರಾಂಶಗಳಿವೆಯಾದರೂ (ಹೆಕ್ಸ್‌ಚಾಟ್‌ನ ಅಭಿವೃದ್ಧಿ 2024ರಲ್ಲಿ ನಿಂತಿದೆ) ಮೊದಲ ದಿನ ಬ್ರೌಸರ್ ಒಂದೇ ಸಾಕು. ವೆಬ್ ಡಾಟ್ ಲಿಬೆರಾ ಡಾಟ್ ಚಾಟ್ ಎಂಬ ವಿಳಾಸಕ್ಕೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಅಡ್ಡಹೆಸರು ಕೊಟ್ಟು, ಹ್ಯಾಷ್ ಗುರುತಿನಿಂದ ಶುರುವಾಗುವ ಚಾನೆಲ್, ಅಂದರೆ ಮಾತಿನ ಕೋಣೆಯ, ಹೆಸರನ್ನು ಬರೆದರೆ ಒಳಗೆ ಬಂದಂತೆಯೇ. ಉಬುಂಟುವಿನ ತಾಯಿಬೇರಾದ ಡೆಬಿಯನ್‌ನವರು ಮಾತ್ರ 2006ರಿಂದ ಓಎಫ್‌ಟಿಸಿ ಎಂಬ ಇನ್ನೊಂದು ಜಾಲದಲ್ಲಿದ್ದಾರೆ. ಅಲ್ಲಿಗೂ ಬ್ರೌಸರಿನಿಂದಲೇ ಹೋಗಬಹುದು. ನಿತ್ಯ ಬರುವ ಮನಸ್ಸಿದ್ದರೆ ‘ನಿಕ್‌ಸರ್ವ್’ ಎಂಬ ಸೇವೆಗೆ ಸಂದೇಶ ಕಳಿಸಿ ಅಡ್ಡಹೆಸರನ್ನು ನೋಂದಾಯಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಚಾನೆಲ್‌ಗಳು ನೋಂದಾಯಿತರಿಗಷ್ಟೇ ಮಾತಾಡಲು ಬಿಡುತ್ತವೆ.

ಹೊಸಬರು ಎಡವುವುದು ಪ್ರಶ್ನೆ ಕೇಳುವಲ್ಲಿ. ‘ಸರ್, ಒಂದು ಡೌಟ್ ಇದೆ, ಕೇಳಬಹುದಾ?’ ಎಂದು ಬರೆದು ಕಾದರೆ ಯಾರೂ ಉತ್ತರಿಸುವುದಿಲ್ಲ. ಅದು ಸೊಕ್ಕಲ್ಲ, ಅಲ್ಲಿನ ರೂಢಿ. ಅಪ್ಪಣೆ ಬೇಡದೆ ನೇರವಾಗಿ, ‘ಡೆಬಿಯನ್ 12 ಹಾಕಿದ್ದೇನೆ, ಲ್ಯಾಪ್‌ಟಾಪಿನ ಮಾದರಿ ಇಂಥದ್ದು, ಕೇಬಲ್ ಮೂಲಕ ಇಂಟರ್ನೆಟ್ ಬರುತ್ತದೆ, ವೈಫೈ ಪಟ್ಟಿ ಖಾಲಿ ತೋರಿಸುತ್ತದೆ, ಇಷ್ಟನ್ನು ಪ್ರಯತ್ನಿಸಿದ್ದೇನೆ’ ಎಂದು ಒಂದೇ ಸಾಲಿನಲ್ಲಿ ಬರೆಯಬೇಕು. ಕಮಾಂಡ್ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಬಂದ ಉದ್ದನೆಯ ದೋಷಸಂದೇಶವನ್ನು ಚಾನೆಲ್‌ಗೆ ಸುರಿಯದೆ, ಪೇಸ್ಟ್ ಡಾಟ್ ಡೆಬಿಯನ್ ಡಾಟ್ ನೆಟ್‌ನಂತಹ ತಾಣದಲ್ಲಿ ಅಂಟಿಸಿ ಅದರ ಕೊಂಡಿಯನ್ನಷ್ಟೇ ಕೊಡಬೇಕು; ಸುರಿದರೆ ಯಂತ್ರವೇ ನಿಮ್ಮನ್ನು ಹೊರಹಾಕಿದರೂ ಆಶ್ಚರ್ಯವಿಲ್ಲ. ಡೆಬಿಯನ್ ಚಾನೆಲ್‌ನಲ್ಲಿ ‘ಡಿಪಿಕೆಜಿ’ ಎಂಬ ಹೆಸರಿನ ಬಾಟ್, ಅಂದರೆ ತಾನಾಗಿ ಉತ್ತರಿಸುವ ತಂತ್ರಾಂಶ, ಇದ್ದು, ಪದೇಪದೇ ಬರುವ ಪ್ರಶ್ನೆಗಳಿಗೆ ಅದು ಸಿದ್ಧ ಉತ್ತರ ನೀಡುತ್ತದೆ. ಹೊಸಬರು ಅದಕ್ಕೇ ವಿನಯದಿಂದ ಧನ್ಯವಾದ ಹೇಳುವುದುಂಟು.

ಇನ್ನೊಂದು ತಾಳ್ಮೆಯ ಮಾತು. ಸಾಮಾನ್ಯವಾಗಿ ಐಆರ್‌ಸಿಯಲ್ಲಿ ನೀವಿಲ್ಲದಾಗ ಬಂದ ಮಾತು ನಿಮಗೆ ಸಿಗುವುದಿಲ್ಲ. ಪ್ರಶ್ನೆ ಹಾಕಿ ಐದು ನಿಮಿಷಕ್ಕೆ ಟ್ಯಾಬ್ ಮುಚ್ಚಿದವರ ಉತ್ತರ ಹತ್ತನೇ ನಿಮಿಷಕ್ಕೆ ಬಂದು ವ್ಯರ್ಥವಾಗುತ್ತದೆ. ಉತ್ತರಿಸುವವರಲ್ಲಿ ಹೆಚ್ಚಿನವರು ಯುರೋಪ್, ಅಮೆರಿಕಗಳಲ್ಲಿರುವುದರಿಂದ ನಮ್ಮ ಸಂಜೆ ಏಳರ ನಂತರ ಕೇಳುವುದು ಜಾಣತನ. ಆಗ ಅಲ್ಲಿ ಮಧ್ಯಾಹ್ನ ಅಥವಾ ಬೆಳಿಗ್ಗೆ.

ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದ ಕ್ಷಣದಿಂದ ನಮ್ಮ ಫೋನ್ ನಂಬರ್ ಅಪರಿಚಿತರ ಕಣ್ಣಿಗೆ ಬೀಳುತ್ತದೆಂಬುದು ವಿದ್ಯಾರ್ಥಿನಿಯರಿಗೆ ಸಣ್ಣ ಸಂಗತಿಯಲ್ಲ. ಐಆರ್‌ಸಿ ಫೋನ್ ನಂಬರನ್ನು ಕೇಳುವುದೇ ಇಲ್ಲ. ಕೆಲವು ಜಾಲಗಳಲ್ಲಿ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಇತರರಿಗೆ ಕಾಣುತ್ತದೆಯಾದರೂ ನೋಂದಾಯಿಸಿಕೊಂಡವರು ಅದನ್ನು ಮರೆಮಾಡಿಕೊಳ್ಳಬಹುದು. ಹಾಗೆಂದು ಅಲ್ಲಿ ಕುಚೇಷ್ಟೆಯವರಿಲ್ಲವೆಂದಲ್ಲ. ಅರ್ಥವಾಗದ ಕಮಾಂಡನ್ನು ಯಾರೋ ಹೇಳಿದರೆಂದು ಓಡಿಸಿದರೆ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗಬಹುದು.

ಕನ್ನಡದಲ್ಲಿ ಚಾನೆಲ್ ನಡೆಸಲು ಅಡ್ಡಿಯೇನಿಲ್ಲ, ಒಂದು ತಾಂತ್ರಿಕ ತೊಡಕಿನ ಹೊರತು. ಐಆರ್‌ಸಿಯ ಒಂದು ಸಂದೇಶ 512 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯುನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಒತ್ತು, ಗುಣಿತ ಸೇರಿದ ‘ಸ್ತ್ರೀ’ ಎಂಬುದೊಂದೇ 18 ಬೈಟ್ ನುಂಗುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುವವರು ವಾಕ್ಯಗಳನ್ನು ಚಿಕ್ಕದಾಗಿಸಬೇಕು. ದೊಡ್ಡ ಚಾನೆಲ್‌ಗಳಲ್ಲಿ ಇಂಗ್ಲಿಷೇ ವ್ಯವಹಾರದ ಭಾಷೆ, ಆದರೆ ವ್ಯಾಕರಣ ತಪ್ಪಿದರೆ ಅಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ 2020ರಲ್ಲಿ ಐಆರ್‌ಸಿ ತೊರೆದು ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಚಾಟ್ ವ್ಯವಸ್ಥೆಗೆ ಹೋದದ್ದು ನಿಜ, ಹಳೆಯ ಮಾತುಕತೆಯನ್ನು ಉಳಿಸಿಡುವ ಅನುಕೂಲ ಅದರಲ್ಲಿದೆ ಎಂಬುದೂ ನಿಜ. ಆದರೂ ನಿಧಾನಗತಿಯ ಇಂಟರ್ನೆಟ್ ಮತ್ತು ಹಳೆಯ ಯಂತ್ರಗಳಿರುವ ನಮ್ಮ ಕಾಲೇಜುಗಳಿಗೆ ಐಆರ್‌ಸಿಯಷ್ಟು ಹಗುರವಾದದ್ದು ಬೇರೆ ಕಾಣೆ. ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಕೆದಾರರ ಗುಂಪು 2008ರಿಂದ ಬೇಸಿಗೆ ತರಬೇತಿಯನ್ನು ಐಆರ್‌ಸಿಯಲ್ಲಿಯೇ ನಡೆಸಿಕೊಂಡು ಬಂದದ್ದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಪ್ರಶ್ನೆಯಿರುವವರು ಮೊದಲು ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನಷ್ಟೇ ಟೈಪಿಸುತ್ತಾರೆ. ಸರದಿ ಬಂದಾಗ ಕೇಳುತ್ತಾರೆ. ಇಂತಹ ಶಿಸ್ತು ನಮ್ಮ ಎಷ್ಟೋ ಆನ್‌ಲೈನ್ ತರಗತಿಗಳಲ್ಲಿ ಕಂಡದ್ದಿಲ್ಲ.

ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ಗಳ ಹೊಣೆ ಹೊತ್ತವರು ಚಾಟ್ ಎಂಬ ಹೆಸರು ಕಂಡೊಡನೆ ಎಲ್ಲವನ್ನೂ ತಡೆಯದೆ, ಐಆರ್‌ಸಿ ಬಳಸುವ 6697ನೇ ಪೋರ್ಟನ್ನು, ಅಂದರೆ ಜಾಲಸಂಪರ್ಕದ ದ್ವಾರವನ್ನು, ಪ್ರಯೋಗಾಲಯದ ಅವಧಿಯಲ್ಲಾದರೂ ತೆರೆದಿಡಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯೂ ಲಿನಕ್ಸ್ ಕುರಿತು ಬರೆಯುವಾಗ, ಆಯಾ ಆವೃತ್ತಿಯ ಸಹಾಯ ಚಾನೆಲ್ ಯಾವ ಜಾಲದಲ್ಲಿದೆ ಎಂಬ ಒಂದು ಸಾಲನ್ನು ಲೇಖನದ ಕೆಳಗೆ ಸೇರಿಸಿದರೆ ಉಪಕಾರವಾಗುತ್ತದೆ.

– ಗಣಕ ವಿಜ್ಞಾನದ ಅಧ್ಯಾಪಕ, ಧಾರವಾಡ