ಆ ರಾತ್ರಿ ಏನೂ ಕೇಳದೆ ಜೊತೆಗಿದ್ದವರಿಗೆ

ಈ ಸಲದ ಕಾಫಿ ಕುಯ್ಲಿನ ಲೆಕ್ಕವೆಲ್ಲ ಮುಗಿಯಿತು. ನನಗೆ ಆಟಿಸಂ (ಸದ್ದು, ಬೆಳಕು, ಸ್ಪರ್ಶವನ್ನು ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುವ ಹುಟ್ಟುಸ್ವಭಾವ), ಎಡಿಎಚ್‌ಡಿ (ಗಮನ ಹಿಡಿದಿಡಲು ಕಷ್ಟವಾಗುವ ಸ್ಥಿತಿ) ಎರಡೂ ಇವೆಯೆಂದು ಗೊತ್ತಾದ ಮೇಲಿನ ಮೊದಲ ಕುಯ್ಲು. ಪರೀಕ್ಷೆ, ಔಷಧಿಯ ವಿಚಾರ ಹತ್ತಿರದವರಿಗೆ ತಿಳಿದಿದೆ, ಬಿಡುತ್ತೇನೆ. ನೆನೆಯಬೇಕಾದವರು ಬಹಳ ಮಂದಿ. ಆದರೆ ಹೆಚ್ಚಿನ ಮಾತು ಚಿಕ್ಕಮ್ಮನಿಗೇ ಸಲ್ಲಬೇಕು.

ಮಡಿಕೇರಿ ದಸರಾದಲ್ಲಿ ದಶಮಂಟಪಗಳು, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳು, ಮೆರವಣಿಗೆ ಹೊರಟ ರಾತ್ರಿ ಊರು ಬೆಳಗಿನ ತನಕ ಮಲಗುವುದಿಲ್ಲ. ಬೆಳಕು, ಸ್ಪೀಕರ್, ಜನ ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗಿ ಮಾತೇ ನಿಂತುಹೋದವರ ಸುತ್ತ ಮನೆಯವರು ಸೇರುವುದು ಪ್ರೀತಿಯಿಂದಲೇ. "ಏನಾಯ್ತು? ನೀರು ಬೇಕಾ? ಆಸ್ಪತ್ರೆಗೆ ಹೋಗುವನಾ?" ಎನ್ನುತ್ತಾ ಬೆನ್ನು ಸವರುತ್ತಾರೆ. ಆ ಹೊತ್ತಿನಲ್ಲಿ ಪ್ರತಿ ಪ್ರಶ್ನೆಯೂ ಇನ್ನೊಂದು ಸದ್ದು. ಮೆಲ್ಲನೆ ಸವರಿದರೂ ಚರ್ಮ ಉರಿಯುತ್ತದೆ.

ನನಗೆ ಹಾಗಾದ ಆ ರಾತ್ರಿ ಚಿಕ್ಕಮ್ಮ ಎಲ್ಲರನ್ನೂ ಹೊರಗೆ ಕಳಿಸಿದರು. ಟ್ಯೂಬ್‌ಲೈಟ್ ಆರಿಸಿ ಬಾಗಿಲನ್ನು ಸ್ವಲ್ಪವೇ ತೆರೆದಿಟ್ಟರು. ಹಾಸಿಗೆಯನ್ನು ರಸ್ತೆ ಕಡೆಯ ಕೋಣೆಯಿಂದ ಹಿಂದಿನ ಕೋಣೆಗೆ ಎಳೆದರು. ಇದು ಮುಖ್ಯ: ಇಯರ್‌ಪ್ಲಗ್ ಕಿರುಚಾಟವನ್ನು ತಗ್ಗಿಸುತ್ತದೆ, ಸ್ಪೀಕರಿನ ಬೇಸ್, ಆ ದಪ್ಪ ಗುಡುಗು ಸದ್ದು, ಮಾತ್ರ ಗೋಡೆ, ನೆಲ ದಾಟಿ ಎದೆಗೇ ಬಡಿಯುತ್ತದೆ, ಅದಕ್ಕೆ ದೂರ ಸರಿಯುವುದೇ ಮದ್ದು. ಫೋಮ್ ಪ್ಲಗ್ಗನ್ನು ಸುಮ್ಮನೆ ಒತ್ತಿದರೆ ಹೊರಗೇ ಉಳಿಯುತ್ತದೆ. ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳಿಟ್ಟು ಹಿಡಿಯಬೇಕು. ಗದ್ದಲ ಮುಗಿದೊಡನೆ ತೆಗೆಯಬೇಕು; ಸದ್ದಿಲ್ಲದ ಹೊತ್ತಿನಲ್ಲೂ ಹಾಕಿಕೊಂಡೇ ಇದ್ದರೆ ಕಿವಿ ಇನ್ನಷ್ಟು ಸೂಕ್ಷ್ಮವಾಗಬಹುದು.

ಆಮೇಲೆ ಮಡಚಿದ ಕಂಬಳಿ ತಂದು ತೋರಿಸಿದರು. ನಾನು ತಲೆಯಾಡಿಸಿದ ಮೇಲೆಯೇ ಕಾಲಿನ ಮೇಲೆ ಹೊದಿಸಿದರು. ಭಾರ ಕೆಲವರಿಗೆ ಹಿತ, ಕೆಲವರಿಗೆ ಉಸಿರುಗಟ್ಟಿದಂತೆ. ಹಾಗಾಗಿ ಕೇಳದೆ ಹೊದಿಸಬಾರದು, ಕೇಳುವುದಾದರೂ ಮಾತಿಲ್ಲದೆ. ಮತ್ತೆ ಬಾಗಿಲ ಬಳಿ ನೆಲದ ಮೇಲೆ ಕುಳಿತರು, ನನ್ನ ಮುಖ ನೋಡದೆ, ಬೆಳಗಾಗುವ ತನಕ. ಬೆಳಿಗ್ಗೆ ಉಪ್ಪು ಹಾಕಿದ ಗಂಜಿ ಇಟ್ಟರು. ಯಾಕೆ ಹೀಗಾಯ್ತು ಎಂಬ ವಿಚಾರಣೆ ಅಂದೂ ಇಲ್ಲ, ಮರುದಿನವೂ ಇಲ್ಲ. ಅಂಥ ರಾತ್ರಿಯ ಸುಸ್ತು ಇಳಿಯಲು ದಿನಗಳೇ ಬೇಕು, ಅದರ ನಡುವೆ ಬುದ್ಧಿವಾದ ಹೇಳಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸೊಕ್ಕು, ಸೋಮಾರಿತನ, ನಾಟಕ. ಇಷ್ಟು ವರ್ಷ ಕೇಳಿದ ಈ ಮಾತುಗಳನ್ನು ನಿಜವೆಂದೇ ನಂಬಿದ್ದೆ. ಅದನ್ನು ನೆನೆದರೆ ಈಗಲೂ ಅಳು ಬರುತ್ತದೆ. ಚಿಕ್ಕಮ್ಮ, ನೀವು ಸುಮ್ಮನೆ ಕುಳಿತಿದ್ದಿರಲ್ಲ, ಆ ಸುಮ್ಮನಿರುವಿಕೆಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಕೆಲಸವನ್ನೆಲ್ಲ ಫೋನಿನಲ್ಲಿ ಒಮ್ಮೆಗೇ ಹೇಳದೆ ಚೀಟಿಯಲ್ಲಿ ಸಾಲಾಗಿ ಬರೆದುಕೊಟ್ಟ ತೋಟದ ರೈಟರ್ (ಲೆಕ್ಕ ಬರೆಯುವವರು), ತೂಕದ ಹೊತ್ತಿಗೆ ಒಬ್ಬೊಬ್ಬರನ್ನೇ ಕಳಿಸಿದ ಮೇಸ್ತ್ರಿ, ಮದುವೆಗಳಲ್ಲಿ ವಾಲಗದಿಂದ ದೂರ ಕುರ್ಚಿ ಹಿಡಿದಿಟ್ಟ ಅಕ್ಕ, ನಿಮಗೆಲ್ಲ ನಾನು ಋಣಿ.

ಐನ್‌ಮನೆಯ, ಅಂದರೆ ನಮ್ಮ ಕುಲದ ಮೂಲಮನೆಯ, ಹಿರಿಯರಿಗೆ ಬೇರೆಯಾಗಿಯೇ ಹೇಳಬೇಕು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು (ಹೊಸ ಭತ್ತದ ತೆನೆ) ತೆಗೆಯುವಾಗ ಗುಂಡು ಹಾರಿಸುವುದು ಪದ್ಧತಿ. ಅದರ ಮುಹೂರ್ತವನ್ನು ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮೊದಲೇ ಗೊತ್ತುಮಾಡುತ್ತಾರೆ. ಯಾವಾಗ ಬರುತ್ತದೆಂದು ಗೊತ್ತಿರುವ ಸದ್ದಿಗೆ ಮೈ ಸಿದ್ಧವಾಗುತ್ತದೆ. ಹಠಾತ್ತಾಗಿ ಬಂದದ್ದೇ ಕೆಡಿಸುವುದು. ಈ ಸಲ ಸಮಯ ತಿಳಿಸಿ, ಕೋವಿ ಎತ್ತುವ ಮೊದಲು ನನ್ನ ಕಡೆ ಕೈಸನ್ನೆ ಮಾಡಿದಿರಿ. ಕಿವಿ ಮುಚ್ಚಿಕೊಂಡು ಗದ್ದೆಯಲ್ಲೇ ನಿಂತೆ, ಆಮೇಲೆ ಎಲ್ಲರೊಂದಿಗೆ "ಪೊಲಿ ಪೊಲಿ ದೇವಾ" (ಬೆಳೆ ಹೆಚ್ಚಲಿ ದೇವರೇ) ಎಂದೆ. ನಿಮ್ಮ ಕಾಲು ಹಿಡಿದು ನಮಸ್ಕರಿಸುತ್ತೇನೆ.