ಭಾನುವಾರದ ಸಭೆ: ಘೇಂಡಾಮೃಗದ ರಕ್ತ ಪರೀಕ್ಷೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 4ಕ್ಕೆ ಬದಿಯಡ್ಕದ ವಾಚನಾಲಯದಲ್ಲಿ ಸೇರೋಣ. ಕಾಡಿನ ಘೇಂಡಾಮೃಗದ ಆರೋಗ್ಯವನ್ನು ರಕ್ತದಿಂದ ತಿಳಿಯುವುದು ಹೇಗೆ ಅಂತ ನಮ್ಮ ಗುಂಪಿನ ಪಶುವೈದ್ಯರು ಹೇಳುತ್ತಾರೆ. ಹೈಸ್ಕೂಲ್ ಮಕ್ಕಳೂ ಬರಬಹುದು.

ನಮ್ಮ ಹಾಗೆ ಕೈ ಚಾಚಿ ಕೂರುವ ಪ್ರಾಣಿ ಅಲ್ವಲ್ಲ ಅದು! ದೂರದಿಂದ ಅರಿವಳಿಕೆಯ ಚುಚ್ಚುಮದ್ದು ಹಾರಿಸಿ, ಅದು ಮಲಗಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಯ ಹಿಂಬದಿಯ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬ್ ರಕ್ತಕಣ ಎಣಿಸಲು, ಕೆಂಪು ಮುಚ್ಚಳದ್ದು ಕಿಡ್ನಿ, ಲಿವರ್ ನೋಡಲು. ನಮ್ಮ ಲ್ಯಾಬಿನಲ್ಲೂ ಅದೇ ಬಣ್ಣ. ಒಂದು ಹನಿ ಗಾಜಿನ ಮೇಲೆ ಸವರಿದರೆ ರಕ್ತದೊಳಗಿನ ಪರಾವಲಂಬಿಗಳೂ ಕಾಣುತ್ತವೆ. ಆದರೆ ಬೆನ್ನಟ್ಟಿ ಜಾಸ್ತಿ ಓಡಿಸಿದರೆ ರಕ್ತದಲ್ಲಿ ಲ್ಯಾಕ್ಟೇಟ್ (ಸ್ನಾಯು ದುಡಿದಾಗ ಹುಟ್ಟುವ ಅಂಶ) ಏರುತ್ತದೆ. ಓಟದ ದಣಿವು ಯಾವುದು, ಕಾಯಿಲೆ ಯಾವುದು? ನನಗೆ ಕುತೂಹಲ ಇರುವುದು ಇಲ್ಲೇ. ಮೃಗಾಲಯದ ಕಪ್ಪು ಘೇಂಡಾಮೃಗಗಳ ಮೈಯಲ್ಲಿ ಕಬ್ಬಿಣದ ಅಂಶ ಅತಿಯಾಗಿ ಸೇರುತ್ತದೆ, ಕಾಡಿನವುಗಳಲ್ಲಿ ಅಷ್ಟಿಲ್ಲ. ಅದನ್ನೂ ಕೇಳಬೇಕು.

ಬರುವವರು ಮನೆಯಲ್ಲಿರುವ ಹಳೆಯ ರಕ್ತ ಪರೀಕ್ಷೆಯ ರಿಪೋರ್ಟ್ ಒಂದು ತನ್ನಿ. ಹೆಸರಿನ ಭಾಗ ಮಡಚಿಬಿಡಿ. ಘೇಂಡಾಮೃಗದ ಅಂಕಿಗಳ ಪಕ್ಕ ಇಟ್ಟು ನೋಡೋಣ.

ಕುಂಬಳೆ ಕಡೆಯವರು ಸೀತಾಂಗೋಳಿ ಮಾರ್ಗವಾಗಿ ಬರುವ ಬಸ್ ಹಿಡಿದರೆ ಸಾಕು. ಕಳೆದ ಸಲ ಪ್ರೊಜೆಕ್ಟರ್ ಕೈಕೊಟ್ಟು ಅರ್ಧ ಗಂಟೆ ಸುಮ್ನೆ ಕೂತಿದ್ದೆವು, ಹಾಗಾಗಿ ಯಾರ ಹತ್ತಿರವಾದರೂ ಲ್ಯಾಪ್‌ಟಾಪ್ ಇದ್ದರೆ ತಿಳಿಸಿ. ಎಷ್ಟು ಜನ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ತಿನ್ನಲು ಗೋಳಿಬಜೆಗೆ ಹೇಳಿಡಬೇಕು.