ಆಯುಷ್ಮಾನ್ ಕಾರ್ಡ್ ಇದೆ, ಬಿಪಿ ಮಾತ್ರೆಗೆ ಎಲ್ಲಿಗೆ ಹೋಗೋದು?

ಎಲ್ಲರಿಗೂ ನಮಸ್ಕಾರ. ಕಾರ್ಡ್ ಇದ್ದರೂ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಬಂದೆವು ಅಂತ ತುಂಬಾ ಜನ ಬೇಜಾರು ಮಾಡಿಕೊಂಡಿದ್ದೀರಿ, ಅದಕ್ಕೇ ಈ ಮೆಸೇಜ್.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗ. ಜ್ವರ, ಕೆಮ್ಮು, ಶುಗರ್ ಅಂತ ಖಾಸಗಿ ಡಾಕ್ಟರ ಹತ್ತಿರ ಹೋದರೆ ಕಾರ್ಡ್ ನಡೆಯಲ್ಲ.

ಅದಕ್ಕೆ ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ಅಲ್ಲಿ ತಪಾಸಣೆ, ಮಾತ್ರೆ ಎಲ್ಲ ಉಚಿತ. ಬಿಪಿ, ಶುಗರ್ ಇರುವವರು ಹಳೇ ಚೀಟಿ, ಖಾಲಿಯಾದ ಮಾತ್ರೆ ಸ್ಟ್ರಿಪ್ ಎರಡನ್ನೂ ತೆಗೆದುಕೊಂಡು ಹೋಗಿ, ಹೆಸರು ನೆನಪಿಲ್ಲದಿದ್ದರೂ ಸ್ಟ್ರಿಪ್ ನೋಡಿ ಡಾಕ್ಟರಿಗೆ ಗೊತ್ತಾಗುತ್ತದೆ.

ಗಾರ್ಮೆಂಟ್ಸ್‌ಗೆ, ಮನೆಕೆಲಸಕ್ಕೆ ಹೋಗುವ ಹೆಂಗಸರಿಗೆ ಮಾತ್ರ ಕಷ್ಟ. ಹಗಲು ಹೊತ್ತು ಕ್ಯೂ ನಿಂತರೆ ಆ ದಿನದ ಕೂಲಿ ಹೋಯ್ತು ಅಲ್ವಾ? ಮಾತ್ರೆ ಬಿಡೋದು ಹೀಗೇ, ಆಮೇಲೆ ಪಾರ್ಶ್ವವಾಯು ಹೊಡೆದ ಮೇಲೆ ಕಾರ್ಡ್ ಹಿಡಿದು ಓಡಬೇಕಾಗುತ್ತದೆ. ಸಂಜೆ ಹೊತ್ತು ಕ್ಲಿನಿಕ್ ತೆರೆದಿರಲೇಬೇಕು ಅಂತ ಅರ್ಜಿ ಕೊಡೋಣ. ನಿಮ್ಮ ಏರಿಯಾದ ಕ್ಲಿನಿಕ್ ಎಷ್ಟು ಗಂಟೆವರೆಗೆ ಇರುತ್ತದೆ, ಯಾವ ಮಾತ್ರೆ ಸಿಗಲಿಲ್ಲ, ಇಷ್ಟನ್ನು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಯಾರ ಹೆಸರು, ಕಾರ್ಡ್ ಫೋಟೋ ಹಾಕಬೇಡಿ.